ಹೊಂಗೆ ಮತ್ತು ಪೊಂಗಾಮಿಯಾ: ನಮ್ಮ ಮರದ ಹೆಸರು ಸಸ್ಯಶಾಸ್ತ್ರವನ್ನು ಸೇರಿದ ಬಗೆ

ಹತ್ತಿಯ ಸುಗ್ಗಿಯ ದಿನಗಳಲ್ಲಿ ಆದವಾನಿಯ ಮಾರುಕಟ್ಟೆ ಅಂಗಳಕ್ಕೆ ಕಾಲಿಟ್ಟವರಿಗೆ ಒಂದೇ ಸರಕಿನ ಎರಡು ಹೆಸರುಗಳು ಒಟ್ಟಿಗೆ ಕೇಳಿಸುತ್ತವೆ. ಹೊಳಗುಂದ, ಹಾಲಹರವಿ, ಕೌತಾಳದ ಕಡೆಯಿಂದ ಬಂದ ಕನ್ನಡಿಗ ರೈತರು ಅದನ್ನು ‘ಹತ್ತಿ’ ಎನ್ನುತ್ತಾರೆ. ಪಕ್ಕದಲ್ಲಿಯೇ ಚೀಲ ಇಳಿಸುತ್ತಿರುವ ತೆಲುಗು ರೈತರು ‘ಪತ್ತಿ’ ಎನ್ನುತ್ತಾರೆ. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದೆ ವ್ಯವಹಾರ ನಿಂತ ಪ್ರಸಂಗವಿಲ್ಲ. ಹಕಾರಕ್ಕೂ ಪಕಾರಕ್ಕೂ ನಡುವಿನ ಈ ಅಂತರವನ್ನು ನಮ್ಮ ಭಾಗದ ಮಕ್ಕಳು ಯಾವ ವ್ಯಾಕರಣವನ್ನೂ ಓದದೆ, ಬೀದಿಯಲ್ಲಿ ಆಡುತ್ತಲೇ ಕಲಿತುಬಿಡುತ್ತಾರೆ.

ಇದೇ ಅಂತರವನ್ನು ತಿಳಿದವರಿಗೆ ಸಸ್ಯಶಾಸ್ತ್ರದ ಒಂದು ಪ್ರಸಿದ್ಧ ಪದದ ಮೂಲವೂ ಸುಲಭವಾಗಿ ತಿಳಿಯುತ್ತದೆ. ‘ಪೊಂಗಾಮಿಯಾ’ ಎಂಬುದೇ ಆ ಪದ. ಅದರ ಹುಟ್ಟನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಫಲಕದಲ್ಲಿ ಇಲ್ಲದ ಹೆಸರು

ಶಾಲೆ, ಕಚೇರಿಗಳ ಆವರಣದಲ್ಲಿರುವ ಮರಗಳಿಗೆ ಹೆಸರಿನ ಫಲಕ ಹಾಕುವ ವಾಡಿಕೆ ನಮ್ಮಲ್ಲಿ ಉಂಟು. ಈ ಭಾಗದ ಒಂದು ಆವರಣದಲ್ಲಿ ನಾವು ಕಂಡ ಫಲಕದಲ್ಲಿ ಎರಡು ಸಾಲುಗಳಿದ್ದವು. ಒಂದು ಸಾಲಿನಲ್ಲಿ ತೆಲುಗು ಲಿಪಿಯಲ್ಲಿ ‘ಕಾನುಗ’ ಎಂದೂ ಮತ್ತೊಂದರಲ್ಲಿ ಇಂಗ್ಲಿಷ್ ಲಿಪಿಯಲ್ಲಿ ‘ಪೊಂಗಾಮಿಯಾ ಪಿನ್ನಾಟಾ’ ಎಂದೂ ಬರೆಯಲಾಗಿತ್ತು. ಆ ಮರದ ನೆರಳಿನಲ್ಲಿ ಕುಳಿತಿದ್ದ ಮಕ್ಕಳು ಮನೆಯಲ್ಲಿ ಆಡುವ ಹೆಸರು ಅಲ್ಲಿ ಇರಲಿಲ್ಲ. ಕೇಳಿದಾಗ ಒಬ್ಬ ಹುಡುಗ, ‘ಹೊಂಗೆ ಅನ್ನೋದು ಹಳ್ಳಿ ಮಾತು ಸರ್, ಪೊಂಗಾಮಿಯಾ ಅನ್ನೋದು ಪುಸ್ತಕದ ಮಾತು’ ಎಂದು ಉತ್ತರಿಸಿದನು.

ಆ ಹುಡುಗನ ಮಾತು ನಮ್ಮನ್ನು ಚಿಂತೆಗೆ ಹಚ್ಚಿತು. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರ ರಾಜ್ಯಕ್ಕೆ ಸೇರಿದವು. ಅಂದಿನಿಂದ ಇಲ್ಲಿಯ ಕಚೇರಿಯ ಭಾಷೆ ತೆಲುಗು, ಮೇಲ್ಮಟ್ಟದ ವಿದ್ಯೆಯ ಭಾಷೆ ಇಂಗ್ಲಿಷ್. ಕನ್ನಡವು ಮನೆಯಲ್ಲಿ, ಹೊಲದಲ್ಲಿ, ಜಾತ್ರೆಯಲ್ಲಿ ಮತ್ತು ಉಳಿದಿರುವ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಬದುಕಿದೆ. ಇಂಥ ನೆಲದಲ್ಲಿ ಮನೆಯ ಮಾತೆಂದರೆ ಅಶಾಸ್ತ್ರೀಯವಾದದ್ದು ಎಂಬ ಭಾವನೆ ಮಗುವಿನಲ್ಲಿ ಬಲು ಬೇಗ ಬೇರೂರುತ್ತದೆ. ಹೊಂಗೆಯ ವಿಷಯದಲ್ಲಂತೂ ಈ ಭಾವನೆಗೆ ಯಾವ ಆಧಾರವೂ ಇಲ್ಲ. ಏಕೆಂದರೆ ಆ ‘ಪುಸ್ತಕದ ಮಾತು’ ಮತ್ತು ಈ ‘ಹಳ್ಳಿ ಮಾತು’ ಒಂದೇ ಪದದ ಎರಡು ರೂಪಗಳು.

ಮರದ ಪರಿಚಯ

ಹೊಂಗೆಯನ್ನು ನಮ್ಮ ಓದುಗರಿಗೆ ಪರಿಚಯಿಸಬೇಕಾಗಿಲ್ಲ. ತುಂಗಭದ್ರಾ ಕೆಳಮಟ್ಟದ ಕಾಲುವೆಯ ಬದಿಗಳಲ್ಲಿ, ರಸ್ತೆಗಳ ಇಕ್ಕೆಲಗಳಲ್ಲಿ, ಹೊಲದ ಬದುಗಳಲ್ಲಿ, ಬಸ್ಸಿಗೆ ಕಾಯುವ ಕಟ್ಟೆಗಳ ಬಳಿಯಲ್ಲಿ ಅದು ಬೆಳೆಯುತ್ತದೆ. ಬೇಸಿಗೆ ಕಾಲಿಡುವ ಹೊತ್ತಿಗೆ ಹಳೆಯ ಎಲೆಗಳನ್ನು ಉದುರಿಸಿ, ಯುಗಾದಿಯ ಆಸುಪಾಸಿನಲ್ಲಿ ಹೊಳೆಯುವ ಎಳೆಯ ಚಿಗುರನ್ನು ತಳೆಯುತ್ತದೆ. ಬಿಳಿ ಮತ್ತು ತಿಳಿನೇರಳೆ ಬಣ್ಣದ ಹೂಗಳು ಗೊಂಚಲು ಗೊಂಚಲಾಗಿ ಬಿಟ್ಟು ನೆಲದ ಮೇಲೆ ಹಾಸಿಕೊಳ್ಳುತ್ತವೆ. ಕಾಯಿ ಚಪ್ಪಟೆಯಾಗಿದ್ದು ಗಟ್ಟಿಯಾದ ಸಿಪ್ಪೆಯನ್ನು ಹೊಂದಿರುತ್ತದೆ. ಒಳಗೆ ಸಾಮಾನ್ಯವಾಗಿ ಒಂದೇ ಬೀಜ, ಕೆಲವೊಮ್ಮೆ ಎರಡು. ಬೀಜದ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ಎಣ್ಣೆಯಿರುತ್ತದೆ. ಅದು ಕಹಿ, ತಿನ್ನಲು ಬಾರದು. ಆದರೆ ವಿದ್ಯುತ್ ದೀಪ ಬರುವ ಮೊದಲು ದೀಪಕ್ಕೆ, ಸಾಬೂನಿಗೆ, ಚರ್ಮ ಹದ ಮಾಡುವುದಕ್ಕೆ, ಮೈಮೇಲಿನ ಕಜ್ಜಿಗೆ ಅದೇ ಆಧಾರವಾಗಿತ್ತು. ಹಿಂಡಿಯನ್ನೂ ಹಸಿರೆಲೆಯನ್ನೂ ಗೊಬ್ಬರವಾಗಿ ಗದ್ದೆಗೆ ಹಾಕುತ್ತಾರೆ. ಕಡಲೆ, ತೊಗರಿಗಳಂತೆ ಇದೂ ದ್ವಿದಳ ಧಾನ್ಯಗಳ ಕುಟುಂಬಕ್ಕೆ ಸೇರಿದ ಸಸ್ಯ. ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳ ನೆರವಿನಿಂದ ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತದೆ.

ಈ ಮರಕ್ಕೆ ಸಂಸ್ಕೃತದಲ್ಲಿ ‘ಕರಂಜ’ ಎಂಬ ಹೆಸರಿದೆ. ಮರಾಠಿ, ಹಿಂದಿಗಳ ‘ಕರಂಜ್’ ಅದರಿಂದ ಬಂದದ್ದು. ತೆಲುಗಿನಲ್ಲಿ ‘ಕಾನುಗ’. ತಮಿಳಿನಲ್ಲಿ ‘ಪುಂಗು’ ಅಥವಾ ‘ಪುಂಗಂ’. ಬ್ರಿಟಿಷರು ತಮ್ಮ ದೇಶದ ಬೀಚ್ ಮರದ ಎಲೆಯನ್ನು ಹೋಲುತ್ತದೆಂದು ‘ಇಂಡಿಯನ್ ಬೀಚ್’ ಎಂದು ಕರೆದರು. ಆದರೆ ವಿಜ್ಞಾನದ ಗ್ರಂಥಗಳಲ್ಲಿ ನೆಲೆ ನಿಂತದ್ದು ಇವುಗಳಲ್ಲಿ ದಕ್ಷಿಣದ ಹೆಸರೇ.

ಮಲಬಾರಿನ ಹನ್ನೆರಡು ಸಂಪುಟಗಳು

ಈ ಹೆಸರು ಪಶ್ಚಿಮದ ವಿದ್ವತ್ತಿನ ಲೋಕವನ್ನು ಸೇರಿದ್ದು ಮಲಬಾರಿನ ಮೂಲಕ. 17ನೆಯ ಶತಮಾನದ ಉತ್ತರಾರ್ಧದಲ್ಲಿ ಕೊಚ್ಚಿಯು ಡಚ್ಚರ ವಶದಲ್ಲಿತ್ತು. ಅಲ್ಲಿ ಡಚ್ ಕಂಪನಿಯ ಆಡಳಿತಾಧಿಕಾರಿಯಾಗಿದ್ದ ಹೆಂಡ್ರಿಕ್ ವಾನ್ ರೀಡ್ ಆ ನಾಡಿನ ಗಿಡಮರಗಳನ್ನೆಲ್ಲ ಚಿತ್ರಸಹಿತವಾಗಿ ದಾಖಲಿಸುವ ಕೆಲಸವನ್ನು ಕೈಗೊಂಡನು. ಅದರ ಫಲವೇ ‘ಹೋರ್ಟಸ್ ಮಲಬಾರಿಕಸ್’. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ ಹನ್ನೆರಡು ಸಂಪುಟಗಳಾಗಿ ಅಚ್ಚಾದ ಈ ಲ್ಯಾಟಿನ್ ಗ್ರಂಥದಲ್ಲಿ ಸುಮಾರು 740 ಸಸ್ಯಗಳ ವರ್ಣನೆಯಿದೆ.

ಗ್ರಂಥದ ಹೆಗ್ಗಳಿಕೆಯಿರುವುದು ಅದರ ಗಾತ್ರದಲ್ಲಿ ಮಾತ್ರವಲ್ಲ. ಸಸ್ಯಗಳ ಹೆಸರು ಮತ್ತು ಗುಣಗಳನ್ನು ತಿಳಿಸಿದವರು ಇಲ್ಲಿಯವರೇ. ಈಳವ ಸಮುದಾಯದ ವೈದ್ಯ ಇಟ್ಟಿ ಅಚ್ಯುತನ್ ತಮ್ಮ ಮನೆತನದ ಓಲೆಗರಿಗಳಲ್ಲಿದ್ದ ಜ್ಞಾನವನ್ನು ಒದಗಿಸಿದರು. ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ಬ್ರಾಹ್ಮಣ ವೈದ್ಯರು ಇವರ ಜೊತೆಗಿದ್ದರು. ಈ ನಾಲ್ವರ ಪ್ರಮಾಣಪತ್ರಗಳು ಮೊದಲ ಸಂಪುಟದಲ್ಲಿಯೇ ಅಚ್ಚಾಗಿವೆ. ಸ್ಥಳೀಯ ಹೆಸರುಗಳನ್ನು ಮಲಯಾಳಂ, ಅರಬ್ಬಿ ಮತ್ತು ನಾಗರಿ ಲಿಪಿಗಳಲ್ಲಿ ಚಿತ್ರಗಳ ಮೇಲೆಯೇ ಕೊಡಲಾಗಿದೆ. ಹೆಸರನ್ನು ಹೇಳಿದ ಜನರ ಉಚ್ಚಾರಣೆ ಉಳಿಯಬೇಕೆಂಬ ಕಾಳಜಿ ಅಲ್ಲಿ ಎದ್ದು ಕಾಣುತ್ತದೆ. 1686ರಲ್ಲಿ ಹೊರಬಂದ ಆರನೆಯ ಸಂಪುಟದಲ್ಲಿ ನಮ್ಮ ಮರವಿದೆ. ಅಲ್ಲಿ ಅದರ ಹೆಸರು ‘ಪೊಂಗಂ’.

ಇಂದು ಕೇರಳದಲ್ಲಿ ಈ ಮರವನ್ನು ‘ಉಂಗು’ ಎನ್ನುವುದು ಹೆಚ್ಚು ರೂಢಿ. ಆದಿಯ ಪಕಾರ ಅಲ್ಲಿ ಸವೆದುಹೋಗಿದೆ. ಹೀಗಾಗಿ ಅಲ್ಲಿಯವರೇ ಇಂದು ಅಷ್ಟಾಗಿ ಬಳಸದ ಒಂದು ರೂಪವನ್ನು ಲ್ಯಾಟಿನ್ ಗ್ರಂಥವು ಕಾಪಾಡಿಕೊಂಡು ಬಂದಿದೆ.

ಲಿನ್ನೇಯಸ್‌ನ ನಿಷೇಧ, ಅಡಾನ್ಸನ್‌ನ ಹಠ

ವಾನ್ ರೀಡನ ಗ್ರಂಥದಲ್ಲಿ ಬಂದ ಮಾತ್ರಕ್ಕೆ ‘ಪೊಂಗಂ’ ಶಾಸ್ತ್ರೀಯ ಹೆಸರಾಗಲಿಲ್ಲ. ಸಸ್ಯಗಳಿಗೆ ಎರಡು ಪದಗಳ ಹೆಸರನ್ನಿಡುವ ಪದ್ಧತಿಯನ್ನು ನೆಲೆಗೊಳಿಸಿದವನು ಸ್ವೀಡನ್ನಿನ ಕಾರ್ಲ್ ಲಿನ್ನೇಯಸ್. ನಮ್ಮ ಊರು, ಮನೆತನಗಳ ಹೆಸರುಗಳಂತೆ ಮೊದಲ ಪದವು ಕುಲವನ್ನೂ ಎರಡನೆಯದು ಆ ಕುಲದೊಳಗಿನ ಜಾತಿಯನ್ನೂ ಸೂಚಿಸುತ್ತದೆ. 1751ರಲ್ಲಿ ಪ್ರಕಟವಾದ ತನ್ನ ‘ಫಿಲಾಸಫಿಯಾ ಬೊಟಾನಿಕಾ’ ಗ್ರಂಥದಲ್ಲಿ ಅವನು, ಕುಲದ ಹೆಸರುಗಳಿಗೆ ಗ್ರೀಕ್ ಅಥವಾ ಲ್ಯಾಟಿನ್ ಧಾತು ಇರಬೇಕು, ಇಲ್ಲದ ಹೆಸರುಗಳನ್ನು ಕೈಬಿಡಬೇಕು ಎಂದು ವಿಧಿಸಿದನು. ಬೇರೆ ಭಾಷೆಗಳ ಹೆಸರುಗಳು ಅವನ ದೃಷ್ಟಿಯಲ್ಲಿ ಅನಾಗರಿಕವಾದವು. 1753ರಲ್ಲಿ ಅವನು ಹೊಂಗೆಗೆ ಇಟ್ಟ ಹೆಸರು ‘ಸೈಟಿಸಸ್ ಪಿನ್ನಾಟಸ್’. ‘ಪಿನ್ನಾ’ ಎಂದರೆ ಲ್ಯಾಟಿನ್ನಿನಲ್ಲಿ ಗರಿ. ಒಂದೇ ಕಡ್ಡಿಯ ಎರಡೂ ಬದಿಗೆ ಕಿರುಎಲೆಗಳು ಗರಿಯಂತೆ ಜೋಡಿಸಿಕೊಂಡಿರುವುದನ್ನು ಅದು ಹೇಳುತ್ತದೆ. ಮಲಬಾರಿನ ಹೆಸರಿಗೆ ಅಲ್ಲಿ ಜಾಗವಿರಲಿಲ್ಲ.

ಈ ನಿಯಮವನ್ನು ಒಪ್ಪದಿದ್ದವರಲ್ಲಿ ಮುಖ್ಯನಾದವನು ಫ್ರಾನ್ಸಿನ ಮಿಶೆಲ್ ಅಡಾನ್ಸನ್. ಆಫ್ರಿಕಾದ ಸೆನೆಗಲ್ ದೇಶದಲ್ಲಿ ಕೆಲವು ವರ್ಷ ನೆಲೆಸಿ ಅಲ್ಲಿಯ ಸಸ್ಯಗಳನ್ನು ಅಧ್ಯಯನ ಮಾಡಿದ್ದ ಅವನಿಗೆ, ಗಿಡವಿರುವ ನಾಡಿನ ಜನ ಅದಕ್ಕೆ ಇಟ್ಟ ಹೆಸರನ್ನು ಅಳಿಸಿ ಹೊಸದನ್ನು ಕಟ್ಟುವುದು ಸರಿಯೆನಿಸಲಿಲ್ಲ. 1763ರಲ್ಲಿ ಪ್ರಕಟವಾದ ‘ಫಾಮಿಯ್ ದೆ ಪ್ಲಾಂತ್’ ಎಂಬ ಗ್ರಂಥದಲ್ಲಿ ಅವನು ಇಂಥ ನಾಡಹೆಸರುಗಳನ್ನು ಹೇರಳವಾಗಿ ಕುಲನಾಮಗಳನ್ನಾಗಿ ಮಾಡಿದನು. ಅವುಗಳಲ್ಲಿ ‘ಪೊಂಗಂ’ ಸಹ ಒಂದು. ಮುಂದೆ ಲ್ಯಾಟಿನ್ನಿನ ಪ್ರತ್ಯಯ ಸೇರಿ ಅದು ‘ಪೊಂಗಾಮಿಯಾ’ ಆಯಿತು. 1803ರಲ್ಲಿ ವೆಂತೆನಾ ಎಂಬ ಫ್ರೆಂಚ್ ಸಸ್ಯಶಾಸ್ತ್ರಜ್ಞ ಇದಕ್ಕೆ ‘ಪೊಂಗಾಮಿಯಾ ಗ್ಲಾಬ್ರಾ’ ಎಂದು ಹೆಸರಿಟ್ಟನು. ‘ಗ್ಲಾಬ್ರಾ’ ಎಂದರೆ ರೋಮವಿಲ್ಲದ, ನುಣುಪಾದ ಎಂದರ್ಥ. ಹಳೆಯ ಪುಸ್ತಕಗಳಲ್ಲಿ ನಾವು ಕಾಣುವುದು ಈ ಹೆಸರನ್ನೇ. 1899ರಲ್ಲಿ ಪಿಯೆರ್ ಎಂಬವನು ಅಡಾನ್ಸನ್ ಉಳಿಸಿದ ಕುಲನಾಮವನ್ನೂ ಲಿನ್ನೇಯಸ್ ಇಟ್ಟ ಎರಡನೆಯ ಪದವನ್ನೂ ಜೋಡಿಸಿ ‘ಪೊಂಗಾಮಿಯಾ ಪಿನ್ನಾಟಾ’ ಎಂದನು. ಹೀಗೆ ನಿಷೇಧಿಸಿದವನ ಪದವೂ ನಿಷೇಧಕ್ಕೊಳಗಾದ ಪದವೂ ಒಂದೇ ಹೆಸರಿನಲ್ಲಿ ಅಕ್ಕಪಕ್ಕ ಕುಳಿತವು.

ಪಕಾರವು ಹಕಾರವಾದದ್ದು

ಇನ್ನು ‘ಪೊಂಗಂ’ ಮತ್ತು ‘ಹೊಂಗೆ’ಗಳ ಸಂಬಂಧಕ್ಕೆ ಬರೋಣ. ಹಳಗನ್ನಡದಲ್ಲಿ ಪಕಾರದಿಂದ ಆರಂಭವಾಗುತ್ತಿದ್ದ ದೇಸಿ ಪದಗಳು ಕಾಲಕ್ರಮದಲ್ಲಿ ಹಕಾರವನ್ನು ತಳೆದವು. ‘ಪಾಲ್’ ಹಾಲಾಯಿತು, ‘ಪುಲಿ’ ಹುಲಿಯಾಯಿತು, ‘ಪೂ’ ಹೂವಾಯಿತು, ‘ಪೆಸರ್’ ಹೆಸರಾಯಿತು. ಸುಮಾರು 10ನೆಯ ಶತಮಾನದಿಂದ ಶಾಸನಗಳಲ್ಲಿ ಈ ಬದಲಾವಣೆ ಕಾಣತೊಡಗಿ, 14ನೆಯ ಶತಮಾನದ ಹೊತ್ತಿಗೆ ಬಹುಮಟ್ಟಿಗೆ ನೆಲೆಗೊಂಡಿತು. ಪತ್ರ, ಪಾಠ, ಪುಸ್ತಕ ಮೊದಲಾದ ಸಂಸ್ಕೃತ ಪದಗಳು ಈ ಬದಲಾವಣೆಗೆ ಒಳಗಾಗಲಿಲ್ಲ. ನಮ್ಮ ಅಡುಗೆಮನೆಯ ‘ಪುಂಡಿ’ಯಂತೆ ಪಕಾರವನ್ನು ಬಿಡದೆ ಉಳಿದ ಪದಗಳೂ ಕೆಲವು ಇವೆ. ಆದರೆ ಒಟ್ಟಾರೆ ನಡೆ ಸ್ಪಷ್ಟ. ‘ಹೊಂಗೆ’ಯ ಹಳೆಯ ರೂಪ ‘ಪೊಂಗೆ’. ತಮಿಳಿನ ಪುಂಗು, ಮಲಯಾಳದ ಪೊಂಗಂ ಮತ್ತು ಉಂಗು, ಕನ್ನಡದ ಪೊಂಗೆ ಮತ್ತು ಹೊಂಗೆ ಇವೆಲ್ಲವೂ ಒಂದೇ ದ್ರಾವಿಡ ಮೂಲದ ಕವಲುಗಳು.

ಈ ಬದಲಾವಣೆ ತೆಲುಗಿನಲ್ಲಿ ನಡೆಯಲಿಲ್ಲ. ಅಲ್ಲಿ ಇಂದಿಗೂ ಪಾಲು, ಪುಲಿ, ಪುವ್ವು, ಪೇರು ಎಂದೇ ಇವೆ. ಒಂದೇ ಬೀದಿಯಲ್ಲಿ ಎರಡೂ ಭಾಷೆಗಳನ್ನು ಕೇಳಿ ಬೆಳೆಯುವ ನಮ್ಮ ಮಗುವಿಗೆ ಹಾಲು ಮತ್ತು ಪಾಲು, ಹಾವು ಮತ್ತು ಪಾಮು, ಹೊಗೆ ಮತ್ತು ಪೊಗ, ಹೊಲ ಮತ್ತು ಪೊಲಂ, ಹತ್ತಿ ಮತ್ತು ಪತ್ತಿ ಎಂಬ ಜೋಡಿಗಳು ದಿನನಿತ್ಯದ ಮಾತು. ಬೆಂಗಳೂರಿನಲ್ಲಿ ಭಾಷಾಶಾಸ್ತ್ರ ಓದುವ ವಿದ್ಯಾರ್ಥಿ ಪಟ್ಟಿ ಮಾಡಿಕೊಂಡು ಕಲಿಯುವುದನ್ನು ಕೋಸಿಗಿಯ ಮಗು ಅಂಗಡಿಗೆ ಹೋಗಿ ಬರುವಾಗಲೇ ಅರಿತಿರುತ್ತದೆ. ಅದನ್ನೇ ತೋರಿಸಿ, ‘ಹೊಂಗೆಯಲ್ಲಿ ಹಕಾರದ ಬದಲು ಪಕಾರ ಇಟ್ಟು ನೋಡು’ ಎಂದರೆ ಸಾಕು, ಪೊಂಗಾಮಿಯಾ ಪರಕೀಯವಾಗಿ ಉಳಿಯುವುದಿಲ್ಲ. ಈ ಮರಕ್ಕೆ ತೆಲುಗಿನಲ್ಲಿ ಬೇರೆಯೇ ಹೆಸರಿದ್ದರೂ, ನಮ್ಮ ಹೆಸರಿನ ಮೂಲವನ್ನು ತೋರಿಸಿಕೊಡುವ ದಾರಿ ತೆಲುಗಿನ ನೆರೆಹೊರೆಯಿಂದಲೇ ದೊರೆಯುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ‘ಪೊಂಗಾಮಿಯಾ ಕನ್ನಡದಿಂದ ಹೋದ ಪದ’ ಎಂದು ಹೇಳಿಕೊಳ್ಳುವುದು ಸತ್ಯವಲ್ಲ. ಲ್ಯಾಟಿನ್ನಿಗೆ ಹೋದದ್ದು ಮಲಬಾರಿನ ಉಚ್ಚಾರಣೆ. ಆ ಗ್ರಂಥ ಅಚ್ಚಾಗುವ ಎಷ್ಟೋ ಮೊದಲೇ ಕನ್ನಡಿಗರ ನಾಲಿಗೆಯಲ್ಲಿ ಈ ಪದ ಹಕಾರವನ್ನು ಪಡೆದಿತ್ತು. ವಾನ್ ರೀಡ್ ಕನ್ನಡ ನಾಡಿನಲ್ಲಿ ಕುಳಿತು ಬರೆಸಿದ್ದರೆ ಇಂದಿನ ಕುಲನಾಮವೂ ಹಕಾರದಿಂದಲೇ ಆರಂಭವಾಗುತ್ತಿತ್ತೇನೋ. ನಾವು ಹೇಳಬಹುದಾದದ್ದು ಇಷ್ಟೇ: ಆ ಪದ ನಮ್ಮ ಪದದ ಒಡಹುಟ್ಟು, ನಮ್ಮ ಪೂರ್ವಿಕರು ಆಡುತ್ತಿದ್ದ ರೂಪಕ್ಕೆ ಇಂದಿನ ನಮ್ಮ ರೂಪಕ್ಕಿಂತಲೂ ಹತ್ತಿರವಾದದ್ದು. ಇಲ್ಲದ ಹಿರಿಮೆಯನ್ನು ಆರೋಪಿಸಿಕೊಳ್ಳದೆಯೂ ಹೆಮ್ಮೆಪಡಲು ಇಷ್ಟು ಸಾಕು.

ಒಮ್ಮೆ ಮರೆಯಾಗಿ ಮತ್ತೆ ಬಂದ ಹೆಸರು

ಸಸ್ಯಶಾಸ್ತ್ರದ ಹೆಸರುಗಳು ಶಾಶ್ವತವಲ್ಲ. ಗಿಡಗಳ ಬಂಧುತ್ವದ ಕುರಿತು ಹೊಸ ತಿಳಿವಳಿಕೆ ಬಂದಂತೆ ಹೆಸರೂ ಬದಲಾಗುತ್ತದೆ. 1989ರಲ್ಲಿ ಹೊಂಗೆಯನ್ನು ‘ಮಿಲ್ಲೇಶಿಯಾ’ ಎಂಬ ದೊಡ್ಡ ಕುಲಕ್ಕೆ ಸೇರಿಸಿ ‘ಮಿಲ್ಲೇಶಿಯಾ ಪಿನ್ನಾಟಾ’ ಎಂದು ಕರೆಯಲಾಯಿತು. ಈ ಕುಲನಾಮ ಮಿಲೆಟ್ ಎಂಬ ಯುರೋಪಿನ ಮನೆತನದ ಹೆಸರಿನಿಂದ ಬಂದದ್ದು. ಅನೇಕ ಪುಸ್ತಕಗಳು ಹೊಸ ಹೆಸರನ್ನು ಅಳವಡಿಸಿಕೊಂಡವು. ದಕ್ಷಿಣದ ಹೆಸರು ಶಾಸ್ತ್ರದಿಂದ ಮರೆಯಾಗುವಂತೆ ಕಂಡಿತು. ಆದರೆ ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಈಗಿನ ಪಟ್ಟಿಯಲ್ಲಿ ಒಪ್ಪಿತ ಹೆಸರು ಮತ್ತೆ ‘ಪೊಂಗಾಮಿಯಾ ಪಿನ್ನಾಟಾ’. ಅಡಾನ್ಸನ್ ಕೊಟ್ಟ ಕುಲನಾಮದಲ್ಲಿ ‘ಪೊಂಗಾಮಿಯಾ’ ಎಂಬ ಕಾಗುಣಿತವನ್ನೇ ಉಳಿಸಿಕೊಳ್ಳಬೇಕೆಂದು ಅಂತರರಾಷ್ಟ್ರೀಯ ನಾಮಕರಣ ನಿಯಮಾವಳಿಯಲ್ಲಿ ಮೀಸಲಿಡಲಾಗಿದೆ. ವಿದ್ಯಾರ್ಥಿಗಳು ಎರಡೂ ಹೆಸರುಗಳನ್ನು ಕಂಡಾಗ ಗೊಂದಲಪಡಬೇಕಾಗಿಲ್ಲ, ಮರ ಒಂದೇ.

ರಸಾಯನಶಾಸ್ತ್ರವೂ ಈ ಹೆಸರುಗಳನ್ನು ಉಳಿಸಿಕೊಂಡಿದೆ. ಹೊಂಗೆಯ ಬೀಜದಲ್ಲಿರುವ ಎರಡು ಮುಖ್ಯ ಸಂಯುಕ್ತಗಳು ಕರಂಜಿನ್ ಮತ್ತು ಪೊಂಗಾಮಾಲ್. ಮೊದಲನೆಯದು ಸಂಸ್ಕೃತದ ಕರಂಜದಿಂದ, ಎರಡನೆಯದು ದಕ್ಷಿಣದ ಪೊಂಗಂನಿಂದ ಬಂದ ಹೆಸರು. ಜೈವಿಕ ಡೀಸೆಲ್ ಕುರಿತ ಆಸಕ್ತಿ ಬೆಳೆದ ಮೇಲೆ ಈ ಹೆಸರು ವಿದೇಶಗಳಲ್ಲಿಯೂ ಕೇಳಿಬಂದಿತು. ಅಂದಿನ ಆಂಧ್ರ ಪ್ರದೇಶದ ಆದಿಲಾಬಾದ್ ಜಿಲ್ಲೆಯ ಪವರ್‌ಗುಡ ಎಂಬ ಹಳ್ಳಿಯ ಮಹಿಳೆಯರು ಹೊಂಗೆ ಎಣ್ಣೆಯನ್ನು ಇಂಧನವಾಗಿಸಿ ಉಳಿಯುವ 147 ಟನ್ ಇಂಗಾಲದ ಡೈಆಕ್ಸೈಡಿಗೆ ಸಮನಾದ ಹಕ್ಕನ್ನು 2003ರಲ್ಲಿ ವಿಶ್ವಬ್ಯಾಂಕಿಗೆ ಮಾರಿದರು.

ಇದೇ ದಾರಿಯಲ್ಲಿ ಹೋದ ಇನ್ನು ಕೆಲವು ಹೆಸರುಗಳು

ಹೊಂಗೆ ಒಂದೇ ಅಲ್ಲ. ನಮ್ಮ ಎಲೆಯಡಿಕೆಯ ತಟ್ಟೆಯಲ್ಲಿರುವ ಅಡಿಕೆಯ ಕುಲನಾಮ ‘ಅರೆಕಾ’. ಕನ್ನಡದ ಅಡಿಕೆ, ಮಲಯಾಳದ ಅಡಯ್ಕಗಳಿಗೆ ಸಂಬಂಧಿಸಿದ ಈ ಪದ ಪೋರ್ಚುಗೀಸರ ಬಾಯಲ್ಲಿ ಡಕಾರವನ್ನು ಕಳೆದುಕೊಂಡು ರಕಾರವನ್ನು ಪಡೆಯಿತು. ಪರಭಾಷೆಯ ಹೆಸರು ಬೇಡವೆಂದ ಲಿನ್ನೇಯಸ್ ಸಹ 1753ರಲ್ಲಿ ಇದನ್ನು ಹಾಗೆಯೇ ಇಟ್ಟುಕೊಂಡನು.

ಕೆಮ್ಮಿಗೆ ಕಷಾಯ ಮಾಡುವ ಆಡುಸೋಗೆಯ ಶಾಸ್ತ್ರೀಯ ಹೆಸರು ‘ಜಸ್ಟಿಸಿಯಾ ಅಧಾತೋಡಾ’. ಇಲ್ಲಿಯ ‘ಅಧಾತೋಡಾ’ ಸಂಸ್ಕೃತದಂತೆ ಕೇಳಿಸಿದರೂ ತಮಿಳು-ಮಲಯಾಳಂ ಮೂಲದ್ದು. ಆಡು ಎಂದರೆ ನಮ್ಮದೇ ಆಡು. ಉಳಿದ ಭಾಗಕ್ಕೆ ಮುಟ್ಟದು ಎಂಬ ಅರ್ಥ. ಕನ್ನಡದಲ್ಲಿಯೂ ಇದಕ್ಕೆ ‘ಆಡುಮುಟ್ಟದ ಗಿಡ’ ಎಂಬ ಹೆಸರುಂಟು. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆಗೆ ಈ ಕಹಿ ಗಿಡವೇ ಅಪವಾದ. ಕುರಿಗಾಹಿಗಳ ಅನುಭವವೊಂದು ಲ್ಯಾಟಿನ್ ಹೆಸರಿನೊಳಗೆ ಅಡಗಿ ಕುಳಿತಿದೆ.

ತೆಲುಗಿನ ಪಾಲೂ ಇದರಲ್ಲಿ ಇದೆ. ದಖ್ಖನ್ನಿನ ಒಣ ಕಾಡುಗಳಲ್ಲಿ ಬೆಳೆಯುವ, ತೊಗಟೆಯನ್ನು ಜ್ವರದ ಮದ್ದಾಗಿ ಬಳಸುವ ‘ಸೋಮಿದ’ ಮರದ ಕುಲನಾಮ ‘ಸೊಯ್ಮಿಡಾ’. ಅದು ತೆಲುಗಿನ ಹೆಸರೇ. ಶಾಸ್ತ್ರದ ಪುಟಗಳಲ್ಲಿ ನಮ್ಮ ನೆರೆಹೊರೆಯ ಭಾಷೆಗಳೆಲ್ಲ ಹೀಗೆ ಒಟ್ಟಿಗೆ ಕುಳಿತಿವೆ.

ಶಿಕ್ಷಕರಲ್ಲಿ, ಪೋಷಕರಲ್ಲಿ ನಮ್ಮ ಕೋರಿಕೆ

ಮತ್ತೆ ಆ ಫಲಕದ ವಿಷಯಕ್ಕೆ ಬರೋಣ. ಅದರಲ್ಲಿರುವ ‘ಕಾನುಗ’ವನ್ನು ಅಳಿಸಬೇಕೆಂದು ನಾವು ಹೇಳುವುದಿಲ್ಲ. ಅದು ಈ ನೆಲದ ಬಹುಸಂಖ್ಯಾತರ ಹೆಸರು, ನಮ್ಮ ಮಕ್ಕಳೂ ಕಲಿಯಬೇಕಾದ ಹೆಸರು. ಅದರ ಕೆಳಗೆ ‘ಹೊಂಗೆ’ ಎಂಬ ಎರಡಕ್ಷರಗಳಿಗೆ ಜಾಗ ಸಿಗಲಿ ಎಂಬುದಷ್ಟೇ ನಮ್ಮ ಆಸೆ. ಫಲಕ ಬರೆಸುವುದಕ್ಕೆ ಮೇಲಿನವರ ಅಪ್ಪಣೆ ಬೇಕಾಗಬಹುದು. ಕಪ್ಪುಹಲಗೆಯ ಮೇಲೆ ಬರೆಯುವುದಕ್ಕೆ ಬೇಕಾಗಿಲ್ಲ. ಕನ್ನಡ ಶಾಲೆಗಳ ವಿಜ್ಞಾನ ಶಿಕ್ಷಕರು ಸಸ್ಯಗಳ ಪಾಠ ಬಂದಾಗ ಹೊಂಗೆ, ಕಾನುಗ, ಪೊಂಗಾಮಿಯಾ ಎಂಬ ಮೂರೂ ಹೆಸರುಗಳನ್ನು ಒಟ್ಟಿಗೆ ಬರೆದು, ಮೊದಲನೆಯದಕ್ಕೂ ಮೂರನೆಯದಕ್ಕೂ ಗೆರೆ ಎಳೆದು ತೋರಿಸಲಿ. ಹಾಲು ಮತ್ತು ಪಾಲು, ಹತ್ತಿ ಮತ್ತು ಪತ್ತಿಗಳ ಉದಾಹರಣೆಗಳನ್ನು ಮಕ್ಕಳಿಂದಲೇ ಹೇಳಿಸಲಿ. ಅದಕ್ಕೆ ಐದು ನಿಮಿಷ ಸಾಕು.

ಮನೆಯಲ್ಲಿ ಹಿರಿಯರು ಮಾಡಬಹುದಾದದ್ದೂ ಇದೆ. ಯಾವ ಎಣ್ಣೆಯ ದೀಪದಲ್ಲಿ ತಾವು ಓದಿದೆವು, ಯಾವ ಸೊಪ್ಪನ್ನು ಗದ್ದೆಗೆ ತುಳಿದೆವು ಎಂಬುದನ್ನು ಮೊಮ್ಮಕ್ಕಳಿಗೆ ಹೇಳುವಾಗ ಆ ಹೆಸರನ್ನು ಬಿಡದೆ ಹೇಳಲಿ. ಹೆಸರು ತಿಳಿದಿರುವ ಮಗುವಿಗೆ ಮರವೂ ತಿಳಿದಿರುತ್ತದೆ.

ಹೊಂಗೆ ಹಳ್ಳಿ ಮಾತು ಎಂದ ಆ ಹುಡುಗನ ಮಾತಿನಲ್ಲಿ ಒಂದು ಅರ್ಥದಲ್ಲಿ ತಪ್ಪಿರಲಿಲ್ಲ. ಅದು ಹಳ್ಳಿಯ ಮಾತೇ. ಪೊಂಗಾಮಿಯಾ ಸಹ ಹಳ್ಳಿಯ ಮಾತೇ ಎಂಬುದನ್ನು ಅವನಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ.